ಹಳೆಯ ಮನೆಗೆ ಹೊಸ ದೀಪ

ಪ್ರಶ್ನೆ: ಮೈಸೂರಿನಲ್ಲಿ 1978ರಲ್ಲಿ ಕಟ್ಟಿದ ಮನೆ. ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿ 12 ಎಲ್‌ಇಡಿ ದೀಪ, ಒಂದು ಹಿತ್ತಾಳೆ ತೂಗುದೀಪ ಹಾಕಿಸಬೇಕೆಂದಿದ್ದೇವೆ. ಹಳೆಯ ವೈರಿಂಗ್ ತಡೆಯುತ್ತದೆಯೇ? ಮಂಜೂರಾದ ಲೋಡ್ ಹೆಚ್ಚಿಸಬೇಕೇ?

ಉತ್ತರ: ಲೋಡ್ ಹೆಚ್ಚಿಸುವುದು ಬೇಡ. ತಲಾ 7 ವ್ಯಾಟ್‌ನಂತೆ 12 ದೀಪಕ್ಕೆ 84 ವ್ಯಾಟ್. ತೂಗುದೀಪಕ್ಕೆ 5 ವ್ಯಾಟ್‌ನ ಆರು ಎಲ್‌ಇಡಿ ಬಲ್ಬ್ ಹಾಕಿದರೆ 30. ಒಟ್ಟು 114 ವ್ಯಾಟ್. ಹಳೆಯ 60 ವ್ಯಾಟ್‌ನ ಎರಡು ಬಲ್ಬ್ ಇದಕ್ಕಿಂತ ಹೆಚ್ಚು ಎಳೆಯುತ್ತಿದ್ದವು! ಗೀಸರ್, ಎಸಿ ಸೇರಿಸುವಾಗ ಲೋಡ್‌ನ ಮಾತು ಬರುತ್ತದೆ.

ನನ್ನ ಆತಂಕ ವೈರಿನದು. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿ. ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅಥವಾ ಒಳಗಿನದು ಅಲ್ಯೂಮಿನಿಯಂ ಆಗಿದ್ದರೆ ತೇಪೆ ಹಾಕಬೇಡಿ. ಅಲ್ಯೂಮಿನಿಯಂಗೆ ತಾಮ್ರದ ತಂತಿಯನ್ನು ನೇರವಾಗಿ ಹೆಣೆದ ಜಾಗ ಕ್ರಮೇಣ ಸಡಿಲಾಗಿ ಕಾಯುತ್ತದೆ. ಅದೂ ಸೀಲಿಂಗ್ ಒಳಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂದಿನ ದೀಪದ ಪಾಯಿಂಟ್‌ಗಳಿಗೆ ಸಾಮಾನ್ಯವಾಗಿ ಎರಡೇ ವೈರು, ಅರ್ಥಿಂಗ್ ಇರುವುದಿಲ್ಲ. ಹಿತ್ತಾಳೆ ದೀಪಕ್ಕೆ ಅದು ಬೇಕೇ ಬೇಕು. ಸೀಲಿಂಗ್ ಮುಚ್ಚುವ ಮೊದಲೇ 1.5 ಚದರ ಮಿ.ಮೀ. ತಾಮ್ರದ ವೈರನ್ನು ಅರ್ಥ್ ಸಮೇತ ಎಳೆಸಿ. ಫ್ಯೂಸ್ ಬದಲು 6 ಆಂಪಿಯರ್ ಎಂಸಿಬಿ, ಜೊತೆಗೆ ಶಾಕ್‌ನಿಂದ ರಕ್ಷಣೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ತೂಗುದೀಪದ ಭಾರ ಪ್ಲಾಸ್ಟರ್ ಹಲಗೆಯ ಮೇಲೆ ಬೀಳಬಾರದು; ಕೊಕ್ಕೆ ಮೇಲಿನ ಆರ್‌ಸಿಸಿ ಛಾವಣಿಯಲ್ಲೇ ಇರಲಿ.

ಸ್ವಿಚ್ ಬಿಸಿಯಾಗುವುದು, ಸುಟ್ಟ ವಾಸನೆ, ಸಣ್ಣ ಶಾಕ್ ಈಗಾಗಲೇ ಇದ್ದರೆ ಸೀಲಿಂಗ್ ಕೆಲಸ ನಿಲ್ಲಿಸಿ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ, ಇಡೀ ಮನೆಯ ವೈರಿಂಗ್‌ಗೆ ಮೆಗ್ಗರ್ (ವೈರಿನ ಹೊದಿಕೆಯ ನಿರೋಧ ಅಳೆಯುವ) ಪರೀಕ್ಷೆ ಮಾಡಿಸಿ.