ವಾಸ್ತುಶಿಲ್ಪಿಗಳ ಸಂಘ ಬೇರೆ, ಕೌನ್ಸಿಲ್ ಬೇರೆ

ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್, ಅಂದರೆ ಐಐಎ, ಸ್ವಯಂಪ್ರೇರಿತ ವೃತ್ತಿಸಂಘ. 1917ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಕೂಟವೇ ಇದರ ಬೇರು; ಮೊದಲ ಅಧ್ಯಕ್ಷರು ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸಕಾರ ಜಾರ್ಜ್ ವಿಟೆಟ್. ಈಗಿನ ಹೆಸರು ಬಂದದ್ದು 1929ರಲ್ಲಿ. ಸದಸ್ಯರಿಗೆ ಪತ್ರಿಕೆ, ಸಮ್ಮೇಳನ, ಪ್ರಶಸ್ತಿ, ಹಿರಿಯರ ಒಡನಾಟ ಎಲ್ಲವೂ ಸಿಗುತ್ತದೆ. ವೃತ್ತಿ ನೋಂದಣಿ ಮಾತ್ರ ಸಿಗದು.

ಅದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಕೆಲಸ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಹುಟ್ಟಿದ ಶಾಸನಬದ್ಧ ಸಂಸ್ಥೆಯಿದು. ಎರಡನ್ನೂ ಒಂದೇ ಎಂದುಕೊಂಡರೆ ತಪ್ಪಾಗುತ್ತದೆ. ಆದರೆ ಕೊಂಡಿಯೂ ಉಂಟು: ಐಐಎ ತನ್ನ ಸದಸ್ಯರಲ್ಲಿ ಐವರನ್ನು ಚುನಾಯಿಸಿ ಕೌನ್ಸಿಲ್‌ಗೆ ಕಳಿಸುತ್ತದೆ. ಇನ್ನು ನೋಂದಣಿಗೂ ಒಂದು ಮಿತಿಯುಂಟು: ಕಾಯ್ದೆಯ 37ನೇ ಕಲಂ ಕಾಯುವುದು ‘ಆರ್ಕಿಟೆಕ್ಟ್’ ಎಂಬ ಪದನಾಮವನ್ನು, ವಿನ್ಯಾಸದ ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.