ಊರಿನ ನೆಮ್ಮದಿಗೆ ಸರ್ಕಾರದ ನೆರವು



ಪೈರಿಗೆ ರೋಗ ತಗಲಿದ ಮೇಲೆ ಔಷಧಿ ಹೊಡೆಯುವುದಕ್ಕಿಂತ, ಬಿತ್ತುವ ಮೊದಲೇ ಬೀಜೋಪಚಾರ ಮಾಡುವುದು ಲೇಸೆಂದು ನೀವೆಲ್ಲ ಬಲ್ಲಿರಿ. ಜಾತಿಯ ಹೆಸರಿನಲ್ಲಿ ಹುಟ್ಟುವ ಹಗೆಗೂ ಇದೇ ಮಾತು ಸಲ್ಲುತ್ತದೆ. ಆ ಹಗೆಯನ್ನು ತಡೆಯಲು ಸರ್ಕಾರ ಕಾನೂನನ್ನೂ ಮಾಡಿದೆ, ಹಣವನ್ನೂ ಇಟ್ಟಿದೆ. ಆ ಹಣ ಯಾವುದಕ್ಕೆ, ಯಾರಿಗೆ, ಹೇಗೆ ಸಲ್ಲುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕಾನೂನು ಬೆಳೆದ ಬಗೆ

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿಹಾಕಿತು. ಅದನ್ನು ಆಚರಿಸುವವರನ್ನು ಶಿಕ್ಷಿಸಲು 1955ರಲ್ಲಿ ಕಾಯಿದೆ ಬಂತು. ಅದೇ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಾಯಿತು. ಅಷ್ಟರಿಂದ ಹೊಡೆತ, ಬೆಂಕಿ, ಕೊಲೆ ನಿಲ್ಲಲಿಲ್ಲ. ಆದುದರಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯಿದೆ 1989ರಲ್ಲಿ ಆಯಿತು. 1990ರ ಜನವರಿ 30ರಿಂದ ಜಾರಿಗೆ ಬಂತು. ಸಾಮಾಜಿಕ ಇಲ್ಲವೆ ಆರ್ಥಿಕ ಬಹಿಷ್ಕಾರ ಹಾಕುವುದು, ಬಾವಿ, ಕೆರೆ, ಸ್ಮಶಾನಗಳಿಗೆ ಬಾರದಂತೆ ತಡೆಯುವುದು ದೌರ್ಜನ್ಯವೇ ಎಂದು 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ.

ಹಣ ಎಲ್ಲಿಗೆ ಹೋಗುತ್ತದೆ?

ಈ ಎರಡು ಕಾಯಿದೆಗಳನ್ನು ನಡೆಸಲು ಕೇಂದ್ರವು ರಾಜ್ಯಗಳಿಗೆ ಅನುದಾನ ಕೊಡುತ್ತದೆ. ನಿಗದಿಯಾದ ಮೊತ್ತದ ಮೇಲಿನ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹೊರುತ್ತವೆ. ವಿಶೇಷ ನ್ಯಾಯಾಲಯ, ನೊಂದವರ ಪರಿಹಾರ, ಅಂತರ್ಜಾತಿ ವಿವಾಹದ ಪ್ರೋತ್ಸಾಹಧನ, ಜನಜಾಗೃತಿ, ಇವೆಲ್ಲಕ್ಕೂ ಈ ಹಣ ಸಲ್ಲುತ್ತದೆ.

2016ರ ನಿಯಮಗಳಲ್ಲಿ ಪರಿಹಾರವನ್ನು 85 ಸಾವಿರದಿಂದ 8 ಲಕ್ಷ 25 ಸಾವಿರ ರೂಪಾಯಿಯವರೆಗೆ ಗೊತ್ತುಮಾಡಿದರು. ಬಹಿಷ್ಕಾರಕ್ಕೆ ಗುರಿಯಾದವರಿಗೆ 1 ಲಕ್ಷ. ಕೊಲೆಯಾದರೆ ಮನೆಯವರಿಗೆ 8 ಲಕ್ಷ 25 ಸಾವಿರ. ಅರ್ಧ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ದೋಷಾರೋಪಣ ಪಟ್ಟಿ ನ್ಯಾಯಾಲಯ ಸೇರಿದಾಗ.

ಇನ್ನೊಂದು ಅಂಶವನ್ನು ಗಮನಿಸಿರಿ. ದಲಿತರು ಬಳಸುವ ಕುಡಿಯುವ ನೀರನ್ನು ಯಾರಾದರೂ ಕೆಡಿಸಿದರೆ, ಅದನ್ನು ಶುಚಿಮಾಡುವ ಪೂರ್ಣ ಖರ್ಚು ಸರ್ಕಾರದ್ದು. ಅಲ್ಲದೆ 8 ಲಕ್ಷ 25 ಸಾವಿರ ರೂಪಾಯಿಯನ್ನು ಜಿಲ್ಲಾಧಿಕಾರಿಗಳಲ್ಲಿ ಇಟ್ಟು, ಸ್ಥಳೀಯ ಸಂಸ್ಥೆಯೊಡನೆ ಆಲೋಚಿಸಿ ಸಾರ್ವಜನಿಕ ಆಸ್ತಿ ನಿರ್ಮಿಸಬೇಕು. ಬಾವಿಯನ್ನು ಹಣದಿಂದ ತೊಳೆಯಬಹುದು. ಮನಸ್ಸನ್ನು ತೊಳೆಯುವ ಕೆಲಸ ಊರಿನವರದೇ.

ಎರಡು ಊರುಗಳ ಪಾಠ

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ನ್ಯಾಯಾಲಯದಲ್ಲಿ ಸಾಕ್ಷಿಗಳು ತಮ್ಮ ಹೇಳಿಕೆಯಿಂದ ಹಿಂದೆ ಸರಿದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಸೇರಿಸದ ವಿಚಾರ ಹೊಗೆಯಾಡುತ್ತಿತ್ತು. 2014ರ ಆಗಸ್ಟಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಹತ್ತು ವರ್ಷ ಕೋರ್ಟಿಗೆ ಅಲೆದ ಮನೆಗಳಲ್ಲಿ ಉಳುಮೆ ಏನಾಗಿರಬೇಕು, ಮಕ್ಕಳ ಓದು ಏನಾಗಿರಬೇಕು, ನೀವೇ ಎಣಿಸಿ ನೋಡಿರಿ. ಒಂದು ಕಡೆ ಸತ್ತವರಿಗೆ ನ್ಯಾಯ ಸಿಗಲಿಲ್ಲ. ಇನ್ನೊಂದು ಕಡೆ ಊರೇ ಒಡೆಯಿತು. ಮೊದಲೇ ತಡೆದಿದ್ದರೆ ಎರಡೂ ತಪ್ಪುತ್ತಿತ್ತು.

ನೀವು ಮಾಡಬೇಕಾದುದು

1. ಹಗೆಯ ಮೊದಲ ಗುರುತನ್ನು ಕಂಡುಹಿಡಿಯಿರಿ. ಕೂಲಿಗೆ ಕರೆಯದಿರುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಹೊಲದ ದಾರಿ ಮುಚ್ಚುವುದು, ಇವೇ ಆ ಗುರುತು. "ನಮ್ಮ ಕೂಲಿ, ನಮ್ಮ ಇಷ್ಟ" ಎಂದು ಊರೆಲ್ಲ ಸೇರಿ ಕಟ್ಟು ಹಾಕಿದರೆ ಅದು ಅಪರಾಧ.

2. ದೂರನ್ನು ಪೊಲೀಸ್ ಠಾಣೆಯಲ್ಲಿ ಕೊಡಿರಿ. ದಾಖಲಿಸಿಕೊಳ್ಳುವ ಮೊದಲು ವಿಚಾರಣೆ ಬೇಕಾಗಿಲ್ಲವೆಂದು 2018ರ ತಿದ್ದುಪಡಿ ಹೇಳಿದೆ. ಸಹಾಯವಾಣಿ 14566ಕ್ಕೂ ಫೋನು ಮಾಡಬಹುದು, ಅದಕ್ಕೆ ದುಡ್ಡಿಲ್ಲ.

3. ಸಾಕ್ಷಿ ಹೇಳಲು ಹಿಂಜರಿಯಬೇಡಿರಿ. ಸಾಕ್ಷಿಗಳಿಗೆ ರಕ್ಷಣೆಯ ಹಕ್ಕಿದೆ. ಪ್ರಯಾಣದ ಖರ್ಚು ಮತ್ತು ದಿನದ ಭತ್ಯೆಯೂ ಉಂಟು.

4. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಉಪವಿಭಾಗದಲ್ಲೂ ಅಂಥ ಸಮಿತಿಯಿದೆ. ನಿಮ್ಮ ಊರಿನ ತೊಡಕನ್ನು ಗ್ರಾಮಸಭೆಯಲ್ಲಿ ಬರೆಸಿ, ಅಲ್ಲಿಗೆ ಕಳುಹಿಸಿರಿ.

5. ಊರಿನ ಹಿರಿಯರು ಸುಮ್ಮನೆ ಕೂರಬಾರದು. ದೌರ್ಜನ್ಯಕ್ಕೆ ಕುಮ್ಮಕ್ಕು ಕೊಟ್ಟವರ ಮೇಲೆ ಸಾಮೂಹಿಕ ಜುಲ್ಮಾನೆ ಹೇರುವ ಅಧಿಕಾರ ಸರ್ಕಾರಕ್ಕಿದೆ.

ಚಾವಡಿಯಲ್ಲಿ ಚರ್ಚಿಸಿರಿ

ನಮ್ಮೂರಿನ ನೀರು ಎಲ್ಲರಿಗೂ ಒಂದೇ ನಲ್ಲಿಯಲ್ಲಿ ಸಿಗುತ್ತದೆಯೆ? ಹೋಟೆಲಿನಲ್ಲಿ ಲೋಟ ಎಲ್ಲರಿಗೂ ಒಂದೆಯೆ? ಸ್ಮಶಾನಕ್ಕೆ ಎಲ್ಲರಿಗೂ ದಾರಿಯಿದೆಯೆ? ಉತ್ತರ "ಇಲ್ಲ" ಎಂದಾದರೆ, ಮುಂದಿನ ಗ್ರಾಮಸಭೆಯ ಮೊದಲ ಕೆಲಸ ಅದೇ ಆಗಲಿ.