ಭೀಮಾ ತೀರದ ಜನಾಂಗಮಿಶ್ರಣವೂ ವಿವಾಹವೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವುದು ವಾಚಕರಿಗೆ ವಿದಿತವೇ ಆಗಿದೆ. ವ್ಯಾಪಾರದಲ್ಲಿ ಕಲೆತ ಈ ಜನರು ಕುಟುಂಬದಲ್ಲಿ ಎಷ್ಟರಮಟ್ಟಿಗೆ ಕಲೆತರೆಂಬುದು ಬೇರೆಯೇ ಪ್ರಶ್ನೆ.

ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವಾಗ ಭೀಮಾ ದಂಡೆಯ ಮೇಲೆ ಫಿರೋಜಾಬಾದಿನ ಹಾಳುಗೋಡೆಗಳು ಕಾಣುವುವು. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜಷಹನು 1400ರ ಸುಮಾರಿಗೆ ಕಟ್ಟಿಸಿದ ಪಟ್ಟಣವಿದು. ಇವನ ಅಂತಃಪುರದಲ್ಲಿ ಅನೇಕ ದೇಶಗಳ ಸ್ತ್ರೀಯರಿದ್ದರೆಂದೂ, ಸುಲ್ತಾನನು ಅವರವರ ಭಾಷೆಯಲ್ಲಿಯೇ ಮಾತನಾಡುತ್ತಿದ್ದನೆಂದೂ ಇತಿಹಾಸಕಾರ ಫರಿಶ್ತನು ಬರೆದಿರುವನು. ವಿಜಯನಗರದ ಒಂದನೆಯ ದೇವರಾಯನು ಯುದ್ಧದಲ್ಲಿ ಸೋತು ತನ್ನ ಮಗಳನ್ನು ಇವನಿಗೆ ಕೊಟ್ಟು, ಬಂಕಾಪುರದ ಕೋಟೆಯನ್ನು ಬಳುವಳಿಯಾಗಿ ಒಪ್ಪಿಸಿದನೆಂದೂ ಅವನೇ ಹೇಳುತ್ತಾನೆ. ಆದರೆ ಫರಿಶ್ತನು ಬರೆದದ್ದು ಸುಮಾರು ಇನ್ನೂರು ವರ್ಷಗಳ ತರುವಾಯ. ಆದುದರಿಂದ ಈ ವೃತ್ತಾಂತವನ್ನು ಎಚ್ಚರಿಕೆಯಿಂದ ಓದಬೇಕು. ಅಳಿಯನನ್ನು ಬೀಳ್ಕೊಡುವಾಗ ಮಾವನು ಅರ್ಧದಾರಿಯಿಂದಲೇ ಹಿಂದಿರುಗಿದನಂತೆ. ಅದನ್ನು ಸುಲ್ತಾನನು ಅವಮಾನವೆಂದು ಬಗೆದನಂತೆ. ನಮ್ಮ ಮದುವೆಮನೆಗಳ ಮುನಿಸಿಗೂ ಇದಕ್ಕೂ ಬಹಳ ಅಂತರವೇನಿಲ್ಲ! ನಂಟಸ್ತನವು ಹಗೆಯನ್ನು ಆರಿಸಲಿಲ್ಲ. ಸುಮಾರು 1420ರಲ್ಲಿ ಪಾನಗಲ್ಲಿನ ಬಳಿ ಫಿರೋಜನೇ ಸೋತನು. ಇಷ್ಟೆಲ್ಲ ಬರೆದ ಗ್ರಂಥದಲ್ಲಿ ಆ ಕನ್ಯೆಯ ಮನಸ್ಸೇನಿತ್ತೆಂಬುದಕ್ಕೆ ಸ್ಥಳವಿಲ್ಲ.

ಅದೇ ರಾಜ್ಯದಲ್ಲಿ ಪರ್ಷಿಯಾ, ಅರಬಸ್ಥಾನ, ತುರ್ಕಸ್ಥಾನಗಳಿಂದ ಬಂದವರನ್ನು ಪರದೇಶಿಗಳೆಂದೂ, ಇಲ್ಲಿ ನೆಲೆಸಿದವರನ್ನು ದಖನಿಗಳೆಂದೂ ಕರೆಯುತ್ತಿದ್ದರು. ಆಫ್ರಿಕಾದಿಂದ ಬಂದ ಹಬಸಿಗಳೂ ಹುಟ್ಟಿನಿಂದ ಪರದೇಶದವರೇ. ಆದರೂ ಅವರು ದಖನಿಗಳ ಪಕ್ಷದಲ್ಲಿ ಸೇರಿದರು. ಒಂದೇ ಮತದವರಲ್ಲಿಯೂ ನಾಡು, ವರ್ಣಗಳ ಭೇದವು ಇಷ್ಟು ಬಲವಾಗಿತ್ತು. 1481ರಲ್ಲಿ ಪರ್ಷಿಯಾ ಮೂಲದ ಮಂತ್ರಿ ಮಹಮೂದ್ ಗವಾನನು ಮರಣದಂಡನೆಗೆ ಗುರಿಯಾದುದು ಈ ಪಕ್ಷದ್ವೇಷದ ಒಳಸಂಚಿನಿಂದಲೇ. ಇಂದು ಉತ್ತರ ಕನ್ನಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿಗಳಾದರೋ ಹಿಂದು, ಮುಸಲ್ಮಾನ, ಕ್ರೈಸ್ತ ಮತಗಳಲ್ಲಿ ಹಂಚಿಹೋಗಿಯೂ ತಾವು ಒಂದೇ ಜನವೆಂದು ಎಣಿಸುವರು.

ಇನ್ನು ಆಳಂದಕ್ಕೆ ಉತ್ತರದಲ್ಲಿರುವ ಕಲ್ಯಾಣದ ಕಥೆ. 12ನೆಯ ಶತಮಾನದಲ್ಲಿ, ಬಿಜ್ಜಳನ ಕಾಲದಲ್ಲಿ, ಬ್ರಾಹ್ಮಣಕುಲದಿಂದ ಬಂದ ಶರಣ ಮಧುವರಸನ ಮಗಳಿಗೂ, ಸಮಗಾರ ಹರಳಯ್ಯನ ಮಗನಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ತಂದೆಯರಿಬ್ಬರೂ ಕ್ರೂರವಾಗಿ ಕೊಲ್ಲಲ್ಪಟ್ಟರೆಂದೂ ಪರಂಪರೆಯು ಹೇಳುತ್ತದೆ. ಅರಸನು ಬೇರೆ ಜನಾಂಗದ ಕನ್ಯೆಯನ್ನು ತಂದರೆ ಅದು ವಿಜಯ. ಸಮಗಾರನ ಮಗನು ನೆರೆಯವಳನ್ನು ವರಿಸಿದರೆ ಅದು ಅಪರಾಧ. ಆದಕಾರಣ ಜನರಿಗೆ ಅಸಹ್ಯವಾದುದು ಮಿಶ್ರಣವಲ್ಲ, ಮೇಲು ಕೀಳಿನ ಕ್ರಮವು ತಲೆಕೆಳಗಾಗುವುದು ಎಂದು ನನಗೆ ತೋರುತ್ತದೆ.

ಈಗಿನ ನ್ಯಾಯವನ್ನು ತಾಯಿತಂದೆಗಳು ತಿಳಿದಿರುವುದು ಯುಕ್ತ. 1954ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ, 21 ವರ್ಷ ತುಂಬಿದ ಪುರುಷನೂ 18 ತುಂಬಿದ ಸ್ತ್ರೀಯೂ ಜಾತಿಮತಗಳನ್ನು ಬಿಡದೆಯೇ ಮದುವೆಯಾಗಬಹುದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಯಸ್ಕರಿಬ್ಬರ ಒಪ್ಪಿಗೆಯಿದ್ದಲ್ಲಿ ಕುಟುಂಬದ ಅಥವಾ ಕುಲದ ಸಮ್ಮತಿಯು ಅವಶ್ಯವಲ್ಲವೆಂದು ಸ್ಪಷ್ಟಪಡಿಸಿತು. ಆದರೆ ಈ ಕಾಯಿದೆಯಂತೆ ನಡೆಯುವ ಮದುವೆಗೆ 30 ದಿನಗಳ ನೋಟೀಸು ಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವರು. ದೊಡ್ಡ ನಗರದಲ್ಲಿ ಅದನ್ನು ಓದುವವರಾರು? ನಮ್ಮಂಥ ತಾಲೂಕಿನ ಊರಿನಲ್ಲಿ ಆ ಕಾಗದದ ಸುದ್ದಿಯು ಹೆಣ್ಣುಮಗಳಿಗಿಂತ ಮೊದಲೇ ಮನೆಯನ್ನು ಮುಟ್ಟಿರುತ್ತದೆ.